ಬಣ್ಣದಂಗಡಿಯ ಪೆಂಗ್ವಿನ್

ಪೆಂಗ್ವಿನ್ ಅಂತ ಅವನಿಗೆ ಹೆಸರಿಟ್ಟವರು ಬಣ್ಣದಂಗಡಿಯ ಯಜಮಾನರು. ಲ್ಯಾಪ್‌ಟಾಪಿನ ಬೆನ್ನಿಗೆ ಲಿನಕ್ಸಿನ ಗುರುತಾದ ಆ ಹಕ್ಕಿಯ ಚಿತ್ರ ಅಂಟಿಸಿಕೊಂಡಿದ್ದ. ನಡಿಗೆಯೂ ಸ್ವಲ್ಪ ಹಾಗೇ ಇತ್ತು. ಗಿರಾಕಿ ಕೇಳಿದ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಹೇಳುವ ಸಾಫ್ಟ್‌ವೇರ್ ಬರೆಯುವುದು ಅವನ ಕಸುಬು. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಬಿಟ್ಟು ಬೇರೇನಿಲ್ಲ, ಅಂಗಡಿಗಳ ಕಂಪ್ಯೂಟರುಗಳಲ್ಲೆಲ್ಲ ವಿಂಡೋಸ್; ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ಲಿನಕ್ಸಿನಲ್ಲೇ ಕೂತು ವಿಂಡೋಸಿಗೆ ಕಟ್ಟುತ್ತಿದ್ದ. ವಿಂಡೋಸಿನ ವೇಷ ಹಾಕುವ ಒಂದು ಪ್ರೋಗ್ರಾಮಿನೊಳಗೆ ಓಡಿಸಿ ನೋಡಿ, ಸೈ ಎನ್ನುತ್ತಿದ್ದ. ತಾವು ಮಾರುವ ಸರಕನ್ನು ಮನೆಗೆ ಒಯ್ಯದ ವ್ಯಾಪಾರಿಗಳಿದ್ದಾರೆ, ತಪ್ಪಲ್ಲ. ರುಚಿಯನ್ನೇ ನೋಡದವನು ಬಾಳುವುದು ಕಷ್ಟ.

"ಒಂದು ಹಳೇ ವಿಂಡೋಸ್ ಮೆಷಿನ್ನಾದ್ರೂ ತಗೊಳ್ಳಿ ಅಂದ್ರೆ ಕೇಳಲ್ವಲ್ಲ," ಎನ್ನುತ್ತಿದ್ದಳು ಹೆಂಡತಿ.

"ಅದು ನಮ್ಮನೆ ಹೊಸ್ತಿಲು ದಾಟಲ್ಲ."

"ಸರಿ ಬಿಡಿ. ಅತ್ತೆ ಒಡವೆ ಬೇಕು, ಅತ್ತೆ ಬೇಡ."

ಮತ್ತೆ ಮತ್ತೆ ಕೈಕೊಡುವ ಸಾಫ್ಟ್‌ವೇರಿಗೆ ಬೇಸತ್ತು ಅಂಗಡಿಗಳು ಒಂದೊಂದಾಗಿ ಅವನನ್ನು ಕೈಬಿಟ್ಟವು. ಉಳಿದದ್ದು ಹೆಸರಿಟ್ಟ ಯಜಮಾನರ ಅಂಗಡಿ ಒಂದೇ. ಯಜಮಾನರ ಅಳಿಯ ಬೇರೆ ಸಾಫ್ಟ್‌ವೇರ್ ತರುತ್ತೇನೆಂದು ಕುಣಿಯುತ್ತಿದ್ದ; "ಇವರದೇ ಹೊಸದು ಬರಲಿ, ನೋಡೋಣ," ಎಂದು ಯಜಮಾನರು ತಡೆದಿದ್ದರು. ಇದೂ ಹೋದರೆ ಪೆಂಗ್ವಿನ್ನಿನ ಕಸುಬೇ ಹೋದಂತೆ.

ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಅಲ್ಲಿನ ಕಂಪ್ಯೂಟರಿಗೆ ಹೊಸದನ್ನು ಹಾಕಿ ಒತ್ತಿದ. ಪರದೆಯ ಮೇಲೆ ಬಣ್ಣ ಬರಲಿಲ್ಲ, ದೂರು ಬಂತು: ಇಂಥ ಫೈಲು ಇಲ್ಲ. ಅವನಿಗೆ ತಕ್ಷಣ ಹೊಳೆಯಿತು. ಆ ಫೈಲು ಅವನ ಲ್ಯಾಪ್‌ಟಾಪಿನಲ್ಲಿ ಯಾವ ಕಾಲದಿಂದಲೋ ಬಿದ್ದುಕೊಂಡಿತ್ತು. ಅದಕ್ಕೇ ಅಲ್ಲಿ ಓಡಿತ್ತು. ಜೊತೆಗೆ ಕಟ್ಟಿ ತರಬೇಕೆಂಬ ನೆನಪೇ ಬಂದಿರಲಿಲ್ಲ. ಲ್ಯಾಪ್‌ಟಾಪಿನಿಂದ ಅದನ್ನು ತಂದು ಸೇರಿಸಿದ. ಇನ್ನೊಂದು ಇಲ್ಲ ಎಂದಿತು. ಅದನ್ನೂ ಹಾಕಿದ. ಮತ್ತೊಂದು. ಎಲ್ಲ ಹಾಕಿದ ಮೇಲೆ ದೂರುವುದನ್ನೂ ಬಿಟ್ಟು, ತೆರೆದ ಕೂಡಲೇ ಮುಚ್ಚಿಕೊಂಡಿತು. ಕಾದು ನಿಂತಿದ್ದ ಗಿರಾಕಿಗಳು ಎದುರಂಗಡಿಗೆ ನಡೆದರು.

"ಮನೇಲಿ ಚೆನ್ನಾಗಿ ಓಡ್ತಿತ್ತು ಸರ್."

"ಗಿರಾಕಿ ನಿಮ್ಮನೆಗೆ ಬರಲ್ವಲ್ಲ ಸ್ವಾಮಿ." ಯಜಮಾನರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಇನ್ನೊಂದು ದಿನದ ಗಡುವಾದರೂ ಕೇಳಬಹುದಿತ್ತು. "ಹಳೇದನ್ನೂ ತೆಗೆದುಬಿಡಿ. ಮಧ್ಯಾಹ್ನ ಅಳಿಯ ಬರ್ತಾನೆ."

ಪೆಂಗ್ವಿನ್ ಮೌಸ್ ಹಿಡಿದು ತಡಕಾಡಿದ. ಇಷ್ಟು ವರ್ಷ ವಿಂಡೋಸಿಗೆಂದೇ ಬರೆದವನಿಗೆ, ಅದರಲ್ಲಿ ಒಂದು ಸಾಫ್ಟ್‌ವೇರನ್ನು ಎಲ್ಲಿ ಹೋಗಿ ತೆಗೆಯುವುದೆಂದು ಗೊತ್ತಿರಲಿಲ್ಲ. ಯಜಮಾನರೇ ಪಕ್ಕದಲ್ಲಿ ಬಗ್ಗಿ, ಇಲ್ಲಿ, ಇಲ್ಲಿ, ಎಂದು ತೋರಿಸಿದರು.

'ನಿಜವಾಗಿಯೂ ತೆಗೆಯಬೇಕೆ?' ಎಂದಿತು ಪರದೆ. ಅವನೇ ಬರೆದ ಸಾಲು.

"ಇದೊಂದು ನೀವೇ ಒತ್ತಿ," ಎಂದು ಯಜಮಾನರು ಮುಖ ತಿರುಗಿಸಿಕೊಂಡರು.

ಒತ್ತಿದ. ಅದು ಮಾತ್ರ ಒಂದೇ ಸಲಕ್ಕೆ ಕೆಲಸ ಮಾಡಿತು.