ಕರೆಂಟ್ ಡಬ್ಬಕ್ಕೆ ಹೆದರುವ ಶೋಭಕ್ಕ

ಬೆಳಗಿನ ಐದೂಕಾಲು. ಸಿಂಗಸಂದ್ರದ ಆ ಅಡ್ಡರಸ್ತೆಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಇನ್ನೇನೂ ಎದ್ದಿಲ್ಲ. ನಾಲ್ಕಂತಸ್ತಿನ ಪಿ.ಜಿ. ಕಟ್ಟಡದ ಕೆಳಗೆ, ಮೀಟರ್ ಬೋರ್ಡಿನ ಪಕ್ಕದ ಪುಟ್ಟ ಕೋಣೆಯಲ್ಲಿ, ಶೋಭಾರಾಣಿ ಬಾಗಿಲನ್ನು ಪೂರ್ತಿ ತೆರೆದು ಅದಕ್ಕೊಂದು ಕಲ್ಲು ಆನಿಸುತ್ತಾರೆ. ಗಾಳಿಗೆ ಅದು ಮುಚ್ಚಿಕೊಳ್ಳಬಾರದು. ಓಡಬೇಕಾಗಿ ಬಂದರೆ ದಾರಿ ಇರಬೇಕು. ಆಮೇಲೆ ಮರಳು ತುಂಬಿದ ಬಕೆಟನ್ನು ಕಾಲಿಗೆ ಎಡವದಷ್ಟು ದೂರ, ಕೈಗೆ ಸಿಗುವಷ್ಟು ಹತ್ತಿರ ಸರಿಸುತ್ತಾರೆ. ಬಳೆ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ. ರಬ್ಬರ್ ಚಪ್ಪಲಿ ಮೆಟ್ಟಿ, ಬಲಗೈಯಲ್ಲಿ ಲಟ್ಟಣಿಗೆ ಹಿಡಿದು ನಿಲ್ಲುತ್ತಾರೆ. ದಾರಿಹೋಕರು ನೋಡಿದರೆ ಈಯಮ್ಮ ಚಪಾತಿಗೆ ನಿಂತಿದ್ದಾಳೋ, ಕುಡಿದು ಬರುವ ಗಂಡನಿಗೆ ಕಾದಿದ್ದಾಳೋ ಎಂದು ಒಂದು ಗಳಿಗೆ ಗಲಿಬಿಲಿಯಾಗಬೇಕು.

ಎರಡೂ ಅಲ್ಲ. ಎದುರಿಗೆ ಗ್ರಾನೈಟ್ ಚೂರಿನ ಮೇಲೆ ಒಂದು ಕಬ್ಬಿಣದ ಡಬ್ಬವಿದೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಹದ ಮಾಡಿಕೊಡುವ ಡಬ್ಬ. ಪೇಟೆಯಲ್ಲಿ ಅದನ್ನು ಎಸ್‌ಎಂಪಿಎಸ್ ಅನ್ನುತ್ತಾರೆ, ಶೋಭಕ್ಕ ಕರೆಂಟ್ ಡಬ್ಬ ಅನ್ನುತ್ತಾರೆ. ಅದರ ವೈರುಗಳ ತುದಿಗೆ ಗುಜರಿಯಿಂದ ತಂದ ನಾಲ್ಕು ಕಾರಿನ ಹೆಡ್‌ಲೈಟ್ ಬಲ್ಬುಗಳಿವೆ. ಕಂಪ್ಯೂಟರ್ ಎಳೆಯುವಷ್ಟು ಕರೆಂಟನ್ನು ಕಂಪ್ಯೂಟರಿನ ಬದಲು ಬಲ್ಬುಗಳಿಂದ ಎಳೆಸಿ ನೋಡುವುದು ಅವರ ಪರೀಕ್ಷೆ. ಸುಟ್ಟರೆ ಬಲ್ಬು ಸುಡಲಿ. ಗಂಟುಕಟ್ಟಿದ ಕಾಸಿನಲ್ಲಿ ಮೊದಲ ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಳ್ಳಲು ಹೊರಟವರ ಮನೆ ಸುಡದಿರಲಿ.

ಲಟ್ಟಣಿಗೆಯ ತುದಿಯಿಂದ ಸ್ವಿಚ್ ಒತ್ತುವ ಮುನ್ನ ಅವರು ಕಣ್ಣು ಮುಚ್ಚುತ್ತಾರೆ. ಐದು ವರ್ಷದಲ್ಲಿ ಸಾವಿರಾರು ಸಲ ಒತ್ತಿದ ಸ್ವಿಚ್ಚು, ಇವತ್ತಿಗೂ ಕಣ್ಣು ತೆರೆದು ಒತ್ತಿದ್ದಿಲ್ಲವಂತೆ. "ಭಯ ಹೋಯ್ತು ಅಂದ್ರೆ ಅವತ್ತೇ ಅಂಗಡಿ ಮುಚ್ಚಿಬಿಡ್ತೀನಿ. ನನ್ನತ್ರ ಇರೋ ಒಳ್ಳೇ ಟೂಲ್ ಅದೊಂದೇ" ಅನ್ನುತ್ತಾರೆ.

ಬೆಳಗಿನ ಹೊತ್ತನ್ನೇ ಆರಿಸಿಕೊಂಡಿರುವುದಕ್ಕೂ ಕಾರಣವಿದೆ. "ಈಗ ಕರೆಂಟು ಕೊಬ್ಬಿರುತ್ತೆ. ಫ್ಯಾಕ್ಟ್ರಿಗಳೆಲ್ಲ ಮಲಗಿರ್ತವೆ, ತಿನ್ನೋರಿಲ್ಲ. ಇನ್ನೂರೈವತ್ತು ವೋಲ್ಟಿನ ಮೇಲೇ ತೋರಿಸುತ್ತೆ ಮೀಟರು. ಈ ಕೊಬ್ಬಿಗೆ ಬಗ್ಗದ ಡಬ್ಬ ಮಧ್ಯಾಹ್ನಕ್ಕೆ ಬಗ್ಗಲ್ಲ." ಆರೂವರೆಗೆ ಕಟ್ಟಡದ ಮಾಲೀಕ ಮುನಿರಾಜು ಬೋರ್‌ವೆಲ್ ಮೋಟಾರು ಹಾಕುತ್ತಾರೆ. ಅಪ್ಪನ ಕಾಲದಲ್ಲಿ ಇದೇ ಬೋರು ಇವರ ರಾಗಿ ಹೊಲದ ಅಂಚಿನಲ್ಲಿತ್ತು. ಈಗ ಅರವತ್ತು ಜನ ಬಾಡಿಗೆದಾರರ ಸ್ನಾನಕ್ಕೆ ನೀರೆತ್ತುತ್ತದೆ. ಮೋಟಾರು ಶುರುವಾದಾಗ ಬೀದಿಯ ಕರೆಂಟು ಕುಸಿಯುತ್ತದೆ, ನಿಂತಾಗ ಗಕ್ಕನೆ ಮೇಲೇಳುತ್ತದೆ. ಆ ಏಳುಬೀಳು ಮುಗಿಯುವವರೆಗೆ ಶೋಭಕ್ಕ ಯಾವ ಡಬ್ಬಕ್ಕೂ ಪಾಸು ಕೊಡುವುದಿಲ್ಲ.

ಶೋಭಕ್ಕನ ಊರು ಆನೇಕಲ್ ಪಕ್ಕದ ಹಳ್ಳಿ. ಐ.ಟಿ.ಐ. ಮುಗಿಸಿ ಪೀಣ್ಯದ ಒಂದು ಸ್ಟೆಬಿಲೈಸರ್ ಕಾರ್ಖಾನೆ ಸೇರಿದರು. ಹದಿನಾರು ವರ್ಷ ಅದರ ಬಿಸಿಕೋಣೆಯಲ್ಲಿ ಕೆಲಸ: ಹೊಸ ಮಾಲನ್ನು ಗಂಟೆಗಟ್ಟಲೆ ಓಡಿಸಿ, ಯಾವುದು ಸಾಯುತ್ತದೆ ಎಂದು ಕಾಯುವುದು. ಸಾಯುವ ಮೊದಲು ಪ್ರತಿಯೊಂದೂ ಒಂದು ವಾಸನೆ ಬಿಡುತ್ತದೆ ಎಂದು ಅಲ್ಲಿಯೇ ಕಲಿತದ್ದು. ಸುಟ್ಟ ಮೀನಿನ ವಾಸನೆ ಬಂದರೆ ಒಂದು ರೋಗ, ಹುಳಿಹಿಡಿದ ಬೆಲ್ಲದಂತಿದ್ದರೆ ಇನ್ನೊಂದು. ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಯಿತು. ಮೂಗು ಇಲ್ಲೇ ಉಳಿಯಿತು.

ಈಗ ದಿನಕ್ಕೆ ನಾಲ್ಕೈದು ಡಬ್ಬ ಬರುತ್ತವೆ, ಒಂದಕ್ಕೆ ನೂರೈವತ್ತು ರೂಪಾಯಿ. ಹತ್ತರಲ್ಲಿ ಮೂರು ಫೇಲು. ಫೇಲಾದದ್ದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಸಾವಿನ ಸುದ್ದಿ ತಂದವನಿಗೆ ಯಾರಾದರೂ ಭಕ್ಷೀಸು ಕೊಡುತ್ತಾರಾ ಎಂದು ಕೇಳುತ್ತಾರೆ. ಮೊದಲ ಸಲ ಕಂಪ್ಯೂಟರ್ ಕಟ್ಟುವವರ ಮನೆಗೆ ತಾವೇ ಹೋಗಿ, ಪ್ಲಗ್ ಪರೀಕ್ಷಿಸಿ, ಮೊದಲ ಸ್ವಿಚ್ ಒತ್ತಿಕೊಟ್ಟು ಬರುತ್ತಾರೆ. ಹಾಗೆ ಹೋದ ಮನೆಗಳು ನಾನೂರ ಹದಿಮೂರು.

ಗಿರಾಕಿಗಳನ್ನು ಅಣಕಿಸುವುದರಲ್ಲಿ ಶೋಭಕ್ಕನನ್ನು ಮೀರಿಸುವವರಿಲ್ಲ. ಮೂಗಿನಲ್ಲಿ ಮಾತಾಡುವ ಇಂಜಿನಿಯರಿಂಗ್ ಹುಡುಗನಾಗುತ್ತಾರೆ, ಮರುಗಳಿಗೆ ಎಲೆಅಡಿಕೆ ಜಗಿಯುತ್ತಾ ಡಬ್ಬ ಮಾರುವ ಅಂಗಡಿಯವನಾಗುತ್ತಾರೆ: "ಕಣ್ಮುಚ್ಕೊಂಡ್ ತಗೋ ಗುರು, ಬೆಂಕಿ ಪೀಸು." ಆಮೇಲೆ ತಮ್ಮ ದನಿಗೆ ಮರಳಿ, "ಪಾಪ, ಅವನು ಸುಳ್ಳು ಹೇಳಲ್ಲ. ಬೆಂಕಿ ಅಂತ ಹೇಳೇ ಮಾರ್ತಾನೆ" ಅನ್ನುತ್ತಾರೆ. ನಗಿಸುತ್ತಾರೆ, ತಾವು ನಗುವುದಿಲ್ಲ. ಕಣ್ಣು ಗೋಡೆಯ ಕಡೆ ಹೋಗುತ್ತದೆ.

ಗೋಡೆಯಲ್ಲಿ ಮುನೇಶ್ವರನ ಪಟ, ಅದರ ಕೆಳಗಿನ ಹಲಗೆಯ ಮೇಲೆ ಕರಕಲಾದ ಒಂದು ಡಬ್ಬ, ಪಕ್ಕದಲ್ಲಿ ಸೋಪಿನ ಗಾತ್ರದ ಸಿಮೆಂಟ್ ತುಂಡು. ದೇವರ ಕೆಳಗೇ ದೆವ್ವ. ಆಯುಧಪೂಜೆಯ ದಿನ ಮೊದಲ ಕುಂಕುಮ ಆ ಸಿಮೆಂಟಿಗೆ. ಐದು ವರ್ಷದ ಹಿಂದೆ, ಅಂಗಡಿ ತೆರೆದ ಹೊಸತರಲ್ಲಿ, ಬಲ್ಬುಗಳಿರಲಿಲ್ಲ. ಒಳ್ಳೆಯ ಡಬ್ಬದೊಳಗೆ ತಾಮ್ರವೂ ಕಬ್ಬಿಣವೂ ಹೆಚ್ಚು, ಹಾಗಾಗಿ ಭಾರ ಹೆಚ್ಚು ಎಂಬ ಲೆಕ್ಕದಲ್ಲಿ ತರಕಾರಿ ತಕ್ಕಡಿಯಲ್ಲಿ ತೂಗಿ ಹೇಳುತ್ತಿದ್ದರು. ಲ್ಯಾಬ್ ಟೆಕ್ನಿಷಿಯನ್ ಶ್ಯಾಮಲಾ ತಂದ ಡಬ್ಬ ಎರಡು ಕೆ.ಜಿ. ತೂಗಿತು. ಕಲ್ಲಿನಂತಿದೆ, ಧೈರ್ಯವಾಗಿ ಹಾಕಿ ಎಂದು ಶೋಭಕ್ಕ ಹೇಳಿದರು. ಕಲ್ಲೇ ಇತ್ತು. ತೂಕ ಬರಲೆಂದು ಡಬ್ಬ ಮಾಡಿದವನು ಒಳಗೆ ಸಿಮೆಂಟ್ ಅಂಟಿಸಿದ್ದ.

ಮೂರನೆಯ ದಿನ ಮಧ್ಯಾಹ್ನ ಶ್ಯಾಮಲಾ ಕೆಲಸಕ್ಕೆ ಹೋಗಿದ್ದಾಗ ಡಬ್ಬ ಹೊತ್ತಿಕೊಂಡಿತು. ಒಳಕೋಣೆಯಲ್ಲಿ ಮಲಗಿದ್ದ ಅವರ ತಾಯಿ ಸುಬ್ಬಲಕ್ಷ್ಮಮ್ಮನಿಗೆ ಮಂಡಿ ನೋವು, ತಟ್ಟನೆ ಏಳಲಾಗದು. ಅಕ್ಕಪಕ್ಕದವರು ಬಾಗಿಲು ಒಡೆದು ಎಳೆದು ತಂದರು. ಜೀವ ಉಳಿಯಿತು, ಎಡಗೈ ಚರ್ಮ ಸುಟ್ಟಿತು. ಶ್ಯಾಮಲಾ ಬೈಯಲಿಲ್ಲ. ಸುಟ್ಟ ಡಬ್ಬವನ್ನು ತಂದು ಮೇಜಿನ ಮೇಲಿಟ್ಟು ಹೊರಟುಹೋದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ ಎಂದು ಶೋಭಕ್ಕ ಹೇಳುತ್ತಾರೆ.

ಇವತ್ತು ಮೇಜಿನ ಮೇಲಿರುವ ಡಬ್ಬ ಶಶಿಕುಮಾರನದು. ಮೂವತ್ತನಾಲ್ಕರ ಶಶಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಾನೆ. ರಾತ್ರಿ ಪಾಳಿಯವರನ್ನು ಮನೆ ಮುಟ್ಟಿಸಿ ಸೀದಾ ಇಲ್ಲಿಗೆ ಬಂದಿದ್ದಾನೆ. ಚಿಕ್ಕಂದಿನಿಂದ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಆಡಿದವನು. ಆಟ ರಂಗೇರುವಾಗಲೇ ಹಿಂದಿನಿಂದ "ಟೈಮ್ ಆಯ್ತು, ಏಳಪ್ಪ" ಅನ್ನಿಸಿಕೊಂಡವನು. ಯಾರೂ ಎಬ್ಬಿಸದ ಒಂದು ಕುರ್ಚಿ ಬೇಕು ಅನ್ನುವುದೇ ಅವನ ಆಸೆ. ಹದಿನಾಲ್ಕು ತಿಂಗಳು ಕೂಡಿಟ್ಟ ಮೂವತ್ತೆಂಟು ಸಾವಿರದಲ್ಲಿ ಇಪ್ಪತ್ತಮೂರನ್ನು ಒಂದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿಗೇ ಸುರಿದಿದ್ದಾನೆ. ಆಟದ ಚಿತ್ರಗಳನ್ನು ಚಂದಗಾಣಿಸುವುದು ಅದೇ ತಾನೆ. ಉಳಿದ ಬಿಡಿಭಾಗಗಳಾದ ಮೇಲೆ ಕೈಯಲ್ಲಿ ಮಿಕ್ಕಿದ್ದರಲ್ಲಿ ಬಂದದ್ದು ಈ ಡಬ್ಬ. ಮೈಮೇಲೆ 550 ವ್ಯಾಟ್ ಎಂಬ ಚಿನ್ನದ ಬಣ್ಣದ ಸ್ಟಿಕರು, ಫ್ಯಾನಿಗೆ ಮೂರು ಬಣ್ಣದ ದೀಪ. ಬಿಲ್ಡಿಗಿಂತ ಬಿಲ್ಡಪ್ಪೇ ಜಾಸ್ತಿ.

ಮೊದಲ ಸಲ ಕಟ್ಟುವವರೆಲ್ಲ ಮಾಡುವ ತಪ್ಪು ಇದೇ, ಮೇಲಿಂದ ಪಟ್ಟಿ ಬರೆಯುವುದು. ಶೋಭಕ್ಕ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಬರೆಸುತ್ತಾರೆ: ತಳದಲ್ಲಿ ಕರೆಂಟ್ ಡಬ್ಬ, ಅದರ ಮೇಲೆ ಮದರ್‌ಬೋರ್ಡ್, ತುತ್ತತುದಿಯಲ್ಲಿ ಕಾರ್ಡು.

ಶಶಿಗೆ ಅದೆಲ್ಲ ಬೇಡ. ಕಾರ್ಡನ್ನೂ ಜೊತೆಗೇ ತಂದಿದ್ದಾನೆ, ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು. ಬಲ್ಬಿನ ಆಟ ಬಿಟ್ಟು ಸೀದಾ ಇದಕ್ಕೇ ಡಬ್ಬ ಜೋಡಿಸಿ ತೋರಿಸಿ, ಮಧ್ಯಾಹ್ನ ಮತ್ತೆ ಡ್ಯೂಟಿಯಿದೆ ಎಂದು ಅವಸರಿಸುತ್ತಾನೆ. ಶೋಭಕ್ಕ ಬೇರೆಯದನ್ನೇ ಕೇಳುತ್ತಾರೆ.

"ಮನೇಲಿ ಯಾವ ರೂಮಲ್ಲಿ ಇಡ್ತೀಯ ಇದನ್ನ?"

"ಒಂದೇ ರೂಮು ಅಕ್ಕ."

"ಪಾಪು ಆಗಿದೆ ಅಂದೆಯಲ್ಲ. ಎಲ್ಲಿ ಮಲಗ್ಸ್ತೀರ?"

ಶಶಿಗೆ ಮನೆ ಕಣ್ಣಮುಂದೆ ಬರುತ್ತದೆ. ತೊಟ್ಟಿಲು ಕಟ್ಟಿರುವ ಕೊಕ್ಕೆ, ಕಂಪ್ಯೂಟರಿಗೆಂದು ತಂದಿಟ್ಟ ಮೇಜು. ನಡುವೆ ಎರಡು ಅಡಿಯೂ ಇಲ್ಲ. ಟವೆಲಿನ ಗಂಟನ್ನು ಮೆಲ್ಲಗೆ ಬೆಂಚಿನ ಮೇಲಿಡುತ್ತಾನೆ.

ಸ್ವಿಚ್. ಒಂದು ಬಲ್ಬು ಹೊತ್ತುತ್ತದೆ. ಐದು ನಿಮಿಷಕ್ಕೆ ಎರಡನೆಯದು, ಆಮೇಲೆ ಮೂರನೆಯದು. ಕೋಣೆಯ ತುಂಬ ಎದುರಿಂದ ಲಾರಿ ಬಂದಂಥ ಬೆಳಕು. ನಾಲ್ಕನೆಯದೂ ಸೇರಿದಾಗ ಡಬ್ಬದ ವೈರಿಗೆ ಹಚ್ಚಿದ ಮೀಟರಿನ ಮುಳ್ಳು ಹನ್ನೆರಡು ವೋಲ್ಟಿನಿಂದ ತುಸು ಕೆಳಗಿಳಿದು ಹನ್ನೊಂದೂವರೆಯ ಮೇಲೆ ನಿಲ್ಲುತ್ತದೆ. ಅಷ್ಟಕ್ಕೆ ಮಾಫಿ ಇದೆ. ಅರ್ಧ ಗಂಟೆಯಾದರೂ ಮುಳ್ಳು ಕದಲುವುದಿಲ್ಲ. ಪಾಸಾಯಿತಲ್ಲ ಎಂದು ಶಶಿ ಎದ್ದು ನಿಲ್ಲುತ್ತಾನೆ. ಕೂತ್ಕೋ ಎಂದು ಶೋಭಕ್ಕ ಕಣ್ಣಲ್ಲೇ ಹೇಳುತ್ತಾರೆ. ಇಂಥ ಶಾಂತ ಡಬ್ಬಗಳೇ ಅವರಿಗೆ ಹೆಚ್ಚು ದಿಗಿಲು. ಶ್ಯಾಮಲಾ ಅವರ ಡಬ್ಬವೂ ಎರಡು ದಿನ ಒಳ್ಳೆಯ ಮಗುವಿನಂತೆ ಇತ್ತು.

ಆರೂವರೆಗೆ ಮುನಿರಾಜು ಬೇವಿನಕಡ್ಡಿ ಕಚ್ಚಿಕೊಂಡು ಮೀಟರ್ ಬೋರ್ಡಿನ ಬಳಿ ಬರುತ್ತಾರೆ. "ಆಕ್ಲಾ ಶೋಭಮ್ಮ?" ಎಂದು ಕೇಳಿಯೇ ಮೋಟಾರು ಹಾಕುವುದು ಇವರಿಬ್ಬರ ನಡುವಿನ ಕರಾರು. ಬಲ್ಬುಗಳು ಒಮ್ಮೆ ಕಂದಿ ಸುಧಾರಿಸಿಕೊಳ್ಳುತ್ತವೆ. ಇಪ್ಪತ್ತು ನಿಮಿಷ ನೀರೇರುತ್ತದೆ. ಆ ಇಪ್ಪತ್ತು ನಿಮಿಷ ಶೋಭಕ್ಕ ಯಾರನ್ನೂ ಅಣಕಿಸುವುದಿಲ್ಲ. ಮೂಗನ್ನು ಡಬ್ಬದ ಕಡೆ ಚಾಚಿ, ಲಟ್ಟಣಿಗೆಯನ್ನು ಸ್ವಿಚ್ಚಿನ ಮೇಲೆ ತೇಲಿಸಿಕೊಂಡು ನಿಂತಿರುತ್ತಾರೆ. ಮೇಲುತುಟಿಯ ಮೇಲೆ ಬೆವರು.

ಹೊರಗೆ ಮೋಟಾರು ನಿಲ್ಲುತ್ತದೆ. ನಾಲ್ಕೂ ಬಲ್ಬುಗಳು ಇದ್ದಕ್ಕಿದ್ದಂತೆ ಹಾಲಿನ ಹಾಗೆ ಬೆಳ್ಳಗಾಗುತ್ತವೆ.

"ಅಕ್ಕ, ಲೈಟ್ ಜಾಸ್ತಿ ಆಯ್ತು. ಒಳ್ಳೇದಲ್ವಾ?"

ಬೆಳಕು ಕುಗ್ಗಿದರೆ ಡಬ್ಬ ಸೋತಿದೆ ಎಂದರ್ಥ. ಬೆಳಕು ಹಿಗ್ಗಿದರೆ ಅದು ಕಡಿವಾಣ ಕಿತ್ತುಕೊಂಡಿದೆ. ಸುಟ್ಟ ಮೀನಿನ ವಾಸನೆ ಶೋಭಕ್ಕನ ಮೂಗಿಗೆ ಬಂದದ್ದೂ ಲಟ್ಟಣಿಗೆ ಸ್ವಿಚ್ಚಿಗೆ ಬಿದ್ದದ್ದೂ ಒಟ್ಟಿಗೇ. ಆದರೂ ಒಳಗಿನಿಂದ ಪಟಾಕಿಯಂಥ ಒಂದು ಸದ್ದು, ಜಾಲರಿಯಿಂದ ಕಪ್ಪು ಹೊಗೆ, ಒಂದು ಗೇಣುದ್ದ ಉರಿ. ಬಕೆಟಿನ ಮರಳು ಡಬ್ಬದ ಮೇಲೆ ಬೀಳುತ್ತದೆ. ಶಶಿಯ ಎರಡು ಕಾಲೂ ಬೀದಿಯಲ್ಲಿವೆ. ಓಡಿದ್ದು ಅವನಿಗೇ ಗೊತ್ತಿಲ್ಲ. ಟವೆಲಿನ ಗಂಟು ಬೆಂಚಿನ ಮೇಲೇ ಇದೆ.

ಎಷ್ಟೋ ಹೊತ್ತಿನ ಮೇಲೆ ಅವನು ಒಳಗೆ ಬಂದು, ಮರಳಿನ ಗುಡ್ಡೆಯನ್ನು ನೋಡುತ್ತಾ, ಮೇಜಿನ ಆ ಪಕ್ಕಕ್ಕೆ ಎರಡಡಿ ದೂರದಲ್ಲಿ ಏನಿದೆಯೆಂದು ಕಣ್ಣಲ್ಲೇ ಅಳೆಯುತ್ತಾನೆ. ಶೋಭಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಾರೆ. ಲಟ್ಟಣಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದಿದ್ದಾರೆ. ಕ್ಯಾಲೆಂಡರ್ ಹಾಳೆಯನ್ನು ಅವನತ್ತ ಸರಿಸಿ, ಪೆನ್ಸಿಲ್ ಕೊಟ್ಟು, ತಳದಿಂದ ಬರಿ ಅನ್ನುತ್ತಾರೆ.

ಆ ಹಾಳೆಯ ಪ್ರಕಾರ ಇಪ್ಪತ್ತಮೂರು ಸಾವಿರದ ಕಾರ್ಡು ಹೋಗಿ, ಅದರ ಅರ್ಧ ಬೆಲೆಯ, ಎರಡು ತಲೆಮಾರು ಹಳೆಯ ಕಾರ್ಡು ಬಂತು. ಉಳಿದ ಕಾಸಿನ ದೊಡ್ಡ ಪಾಲು ಬಣ್ಣವಿಲ್ಲದ, ದೀಪವಿಲ್ಲದ, ನೋಡಿದರೆ ಆಕಳಿಕೆ ಬರುವಂಥ ಒಂದು ಕರಿ ಡಬ್ಬಕ್ಕೆ ಹೋಯಿತು. ಅದು ಎರಡು ಬೆಳಗ್ಗೆ ಮುನಿರಾಜು ಮೋಟಾರಿನ ಏಳುಬೀಳನ್ನು ಆಕಳಿಸುತ್ತಲೇ ದಾಟಿತು.

ಹತ್ತು ದಿನದ ನಂತರ ಶಶಿಯ ವಠಾರದ ಮನೆಯಲ್ಲಿ ಶೋಭಕ್ಕ ಮೊದಲು ಗೋಡೆಯ ಪ್ಲಗ್ ಪಾಯಿಂಟಿನ ಮೂರನೆಯ ತೂತಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡುತ್ತಾರೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಕಂಪ್ಯೂಟರಿಗೆ ಅರ್ಥವಿಲ್ಲ ಎಂಬುದು ಅವರ ಹಳೆಯ ಮಾತು. ಇಲ್ಲಿ ಅದು ಇದೆ. ಮಾಲೀಕನಿಗೆ ದುಂಬಾಲು ಬಿದ್ದು ಶಶಿಯೇ ಹಾಕಿಸಿದ್ದಾನೆ. ಆಮೇಲೆ ಅವನ ಹೆಂಡತಿ ಲಾವಣ್ಯಳಿಗೆ, ಪಾಪುವನ್ನು ಎತ್ತಿಕೊಂಡು ಒಂದು ಗಳಿಗೆ ಹೊರಗಿರಮ್ಮ ಅನ್ನುತ್ತಾರೆ. ಚೀಲದಿಂದ ಲಟ್ಟಣಿಗೆ ಬರುತ್ತದೆ. ಲಾವಣ್ಯ ಹೊಸ್ತಿಲಾಚೆ ನಿಂತು ಅದನ್ನೂ ಗಂಡನನ್ನೂ ಬದಲಿಸಿ ಬದಲಿಸಿ ನೋಡುತ್ತಾಳೆ.

ಕಣ್ಣು ಮುಚ್ಚಿ, ಸ್ವಿಚ್. ಫ್ಯಾನು ತಿರುಗುತ್ತದೆ. ಪರದೆ ಬೆಳಗುತ್ತದೆ. ಶಶಿ ಕೂರುವುದಿಲ್ಲ. ಶೋಭಕ್ಕನಂತೆಯೇ ಮೂಗು ಚಾಚಿ ನಿಂತಿದ್ದಾನೆ. ಒಂದು ಗಂಟೆ ಇಬ್ಬರೂ ಹಾಗೆಯೇ ಕಾಯುತ್ತಾರೆ. ಒಗ್ಗರಣೆಯ ವಾಸನೆ ಬಿಟ್ಟರೆ ಬೇರೇನೂ ಬರುವುದಿಲ್ಲ.

ಮುಂದಿನ ವಾರ, ಬೆಳಗಿನ ಐದೂವರೆ, ಬಲ್ಬುಗಳ ಮುಂದೆ ನಿಂತಿರುವಾಗ ಶೋಭಕ್ಕನ ಫೋನು ಬಡಿದುಕೊಳ್ಳುತ್ತದೆ. ಶಶಿ ಡ್ರೈವರ್. ಲಟ್ಟಣಿಗೆಯಿಂದ ಮೊದಲು ಸ್ವಿಚ್ ಆರಿಸುತ್ತಾರೆ. ಫೋನು ಕೈಗೆತ್ತಿಕೊಂಡು, ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಒತ್ತಲಾಗದೆ ಗೋಡೆಯ ಸಿಮೆಂಟ್ ತುಂಡನ್ನು ನೋಡುತ್ತಾರೆ. ಕೊನೆಯ ರಿಂಗಿಗೆ ಎತ್ತುತ್ತಾರೆ.

ಅವನ ಜೊತೆಯ ಡ್ರೈವರೊಬ್ಬನಿಗೂ ಕಂಪ್ಯೂಟರ್ ಕಟ್ಟಬೇಕಂತೆ. ಏನೂ ಕೊಳ್ಳುವ ಮೊದಲು ಅಕ್ಕನ ಹತ್ತಿರ ಕಳಿಸುತ್ತೇನೆ ಎಂದು ಹೇಳಲು ಮಾಡಿದ್ದು. ಅವನದು? ಆರಾಮಾಗಿದೆ. ಪಾಪು ಅದರ ಫ್ಯಾನಿನ ಸದ್ದಿಗೇ ನಿದ್ದೆ ಹೋಗುತ್ತದಂತೆ.

"ಮೆಸೇಜ್ ಹಾಕೋ ಇಂಥದ್ದಕ್ಕೆಲ್ಲ. ಇನ್ನೊಂದ್ಸಲ ಈ ಹೊತ್ತಲ್ಲಿ ಫೋನ್ ಮಾಡಿದ್ರೆ ಲಟ್ಟಣಿಗೆ ನಿನಗೇ ತರ್ತೀನಿ."

ಫೋನಿಟ್ಟು, ಮರಳಿನ ಬಕೆಟಿನ ಅಂಚು ಹಿಡಿದು ಕೂರುತ್ತಾರೆ. ನಿಮಗೇನೂ ಬೇಡವೇ, ಒಂದು ಬೋರ್ಡು, ಒಂದಿಷ್ಟು ಹೆಸರು, ಯಾರಾದರೂ ಕರೆದು ಶಾಲು ಹೊದಿಸುವುದು ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ಕಂಪ್ಯೂಟರ್ ಚೆನ್ನಾಗಿ ಓಡ್ತಿದ್ರೆ ಡಬ್ಬ ಯಾರು ನೋಡಿದ್ದು ಅಂತ ಯಾರೂ ನೆನಸ್ಕೊಳಲ್ಲ. ಅಂಗೇ ಇರ್ಲಿ." ಎದ್ದು, ಬಾಗಿಲಿನ ಕಲ್ಲು ಸರಿಯಾಗಿದೆಯೇ ನೋಡಿ, ಮತ್ತೆ ಲಟ್ಟಣಿಗೆ ಎತ್ತಿಕೊಳ್ಳುತ್ತಾರೆ. ಕಣ್ಣು ಮಾತ್ರ ಆ ಕರಕಲು ಡಬ್ಬ, ಸಿಮೆಂಟ್ ತುಂಡಿನ ಮೇಲಿದೆ.

"ಒಂದು ಮನೆಯೋರು ನನ್ನ ಮರೆತಿಲ್ಲ. ನಾನೂರ ಹದಿಮೂರು ಮನೆಯೋರು ಮರೆತಿದ್ದಾರೆ."