ಹಿಮದಲ್ಲಿ ಕೇಳಿದ ರೊಟ್ಟಿಯ ಸಪ್ಪಳ

ಅಂದು ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ದಿನದ ಲಿಂಗಪೂಜೆ ತಪ್ಪಿಸುವವಳಲ್ಲ ನಾನು. ಆದರೆ ಒಂದು ಕಡೆಯ ಸದ್ದು ಇನ್ನೊಂದು ಖಂಡದಲ್ಲಿ ಕೇಳಿತು ಎನ್ನುವಂಥ ಕಥೆ ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಆ ಜೂನ್ ಮಧ್ಯಾಹ್ನದ ನಂತರ ಹಾಗೆ ಎದ್ದು ಹೋಗುವುದು ನನ್ನಿಂದಾಗಿಲ್ಲ.

ಬಡಿಯುತ್ತಿದ್ದುದು ಸಿಟ್ಟಿನಿಂದ. ನಮ್ಮ ಮನೆಯವರು ನಾವಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರು. ನನ್ನನ್ನು ಒಂದು ಮಾತೂ ಕೇಳದೆ, ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಠಾಣೆಗೆ ವರ್ಷದ ಮಟ್ಟಿಗೆ ವೈದ್ಯರಾಗಿ ಹೋಗಲು ಒಪ್ಪಿಕೊಂಡಿದ್ದರು. ಊಟಕ್ಕೆ ಕೂತಾಗ, ಉಪ್ಪಿನಕಾಯಿ ಕೇಳಿದ ಹಾಗೆ ಹೇಳಿ, ಹೊರಟೂ ಹೋಗಿದ್ದರು. ನಮ್ಮ ಜೂನ್ ಅಲ್ಲಿ ನಡುಚಳಿಗಾಲ; ಚಳಿಗಾಲ ಹೊಕ್ಕಿತೆಂದರೆ ಅಲ್ಲಿಗೆ ವಿಮಾನವಿಲ್ಲ, ಹಡಗಿಲ್ಲ, ಹಗಲೂ ಕತ್ತಲು. ಉಳಿದವರಿಗೆ ಜಡ್ಡಾದರೆ ಇವರಿದ್ದಾರೆ, ಇವರಿಗಾದರೆ ಯಾರಿದ್ದಾರೆ? ಆ ಪ್ರಶ್ನೆಯನ್ನೇ ಹಿಟ್ಟಿನ ಮೇಲೆ ಬಡಿಯುತ್ತಿದ್ದೆ.

ಕುದಿನೀರು ಹಾಕಿ ನಾದಿದ ಹಿಟ್ಟು ಇದ್ದಕ್ಕಿದ್ದಂತೆ ಅಂಗೈಗೆ ಮಂಜುಗಡ್ಡೆಯಾಯಿತು. ಬೆರಳುಗಳು ಮರಗಟ್ಟಿದವು. ಪಕ್ಕದಲ್ಲೇ ಹಂಚು ಕಾಯುತ್ತಿತ್ತು. ಇದೊಂದು ಬಾಕಿಯಿತ್ತು ಎಂದು ಸಿಟ್ಟೇರಿ ಇನ್ನೂ ಜೋರಾಗಿ ಬಡಿದೆ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ನಡುಗೋಡೆಯನ್ನು ಮೂರು ಸಲ ಗುದ್ದಿದಳು. ಹಿಂದೆಂದೂ ಗುದ್ದಿದವಳಲ್ಲ. ನಾನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಬೆಚ್ಚಗಾಯಿತು.

ಇನ್ನೆರಡು ಉಂಡೆ ಉಳಿದಿದ್ದಾಗ ಫೋನ್ ಬಂತು.

“ಅಂಜಬ್ಯಾಡ, ಬದುಕೀನಿ,” ಎಂದರು ಇವರು. ಉಗ್ರಾಣದಿಂದ ಮರಳುವಾಗ ಹಿಮಗಾಳಿ ಎದ್ದು, ಹಿಡಿದು ನಡೆಯಲೆಂದು ದಾರಿಗೆ ಕಟ್ಟಿದ ಹಗ್ಗ ಕೈತಪ್ಪಿತ್ತಂತೆ. “ಯಾವ ದಿಕ್ಕು ಅಂತ ತಿಳೀಲಿಲ್ಲ. ಆಗ ರೊಟ್ಟಿ ಬಡಿಯೋ ಸಪ್ಪಳ ಕೇಳಿಸ್ತು. ಅದರ ಬೆನ್ನು ಹತ್ತಿ ಬಂದೆ, ಬಾಗಲಾ ಕೈಗೆ ಹತ್ತಿತು. ಭಾಳ ಸಿಟ್ಟಿಲೆ ಬಡೀಲಿಕ್ಕತ್ತಿದ್ದಿ ಬಿಡು!”

“ಅಲ್ಲಿ ಯಾವುದೋ ಬಾವುಟ ಬಡಕೊಂಡಿರಬೇಕ್ರಿ.”

“ಇಲ್ಲಿಯವರೂ ಹಂಗ ಅಂದ್ರು. ಆದ್ರ ನಡುವ ಯಾರೋ ಮೂರು ಸಲ ಗ್ವಾಡಿ ಗುದ್ದಿದ್ರಲ್ಲ, ಯಾರವರು?”

ಅಜ್ಜಿಯ ಮಾತನ್ನು ನಾನಿನ್ನೂ ಬಾಯಿಬಿಟ್ಟಿರಲಿಲ್ಲ. ಇವರಿಗೆ ಹೇಗೆ ತಿಳಿಯಿತು ಎಂದು ಕೇಳಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. “ನಿಮಗ ಅಲ್ಲಿಗೆ ಹೋಗ್ರಿ ಅಂದವರ‍್ಯಾರು?” ಎಂದು ಕಿರುಚಿದೆ. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ವರ್ಷ ಮುಗಿದ ಮೇಲೆ, ಹಿಮದಿಂದ ಹತ್ತೂ ಬೆರಳು ಉಳಿಸಿಕೊಂಡು ಮನೆಗೆ ಬಂದರು. ಅದು ಶಿವನ ದಯೆ, ಒಪ್ಪುತ್ತೇನೆ. ಸದ್ದು ಹೇಗೆ ಹೋಯಿತೆಂದು ನನಗೂ ತಿಳಿದಿಲ್ಲ, ಅವರಿಗೂ ತಿಳಿದಿಲ್ಲ. ದಯೆ ದೇವರದು, ಸಿಟ್ಟು ನನ್ನದು. ಅದು ಇನ್ನೂ ಇದೆ.

ಆವತ್ತು ಫೋನ್ ಇಟ್ಟು ನೋಡಿದರೆ ಹಿಟ್ಟು ಬಿರುಕು ಬಿಟ್ಟಿತ್ತು. ಬಿಸಿನೀರು ಹಾಕಿ ಮತ್ತೆ ನಾದಿದೆ. ಉಳಿದೆರಡು ರೊಟ್ಟಿಯನ್ನೂ ಅಷ್ಟೇ ಜೋರಾಗಿ ಬಡಿದೆ. ಅಜ್ಜಿ ಗೋಡೆ ಗುದ್ದಿದರೆ ಗುದ್ದಲಿ.