ಅಕ್ಕನ ಎಡಗೈ

ಬೀದಿಯವರು ನಮ್ಮಕ್ಕನನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದೇ ಅವಳ ಬದುಕು. ಅವಳು ಹೊಲಿದ ಕಾಜಾದಲ್ಲಿ ಒಂದು ಎಳೆಯೂ ಹೊರಗೆ ಇಣುಕುತ್ತಿರಲಿಲ್ಲ. ನನ್ನ ಯಜಮಾನರು ಹೋದ ಮೇಲೆ ನಾನೂ ಅವಳ ಜೊತೆಗೇ ಇದ್ದು ಬಟ್ಟೆ ಕಟ್ಟಿಕೊಡುತ್ತಿದ್ದೆ.

ತಲೆಯೊಳಗೆ ರಕ್ತನಾಳ ಒಡೆದು ಅಕ್ಕ ಆಸ್ಪತ್ರೆ ಸೇರಿದಳು. ಬದುಕಿ ಬಂದಳು, ಮಾತೂ ನೆಟ್ಟಗಿತ್ತು. ಆದರೆ ಬಲಗೈ ಗುಂಡಿ ಹಾಕಿದರೆ ಎಡಗೈ ಹಿಂದೆಯೇ ಬಂದು ಬಿಚ್ಚುತ್ತಿತ್ತು.

"ನಾನು ಹೇಳಿಲ್ಲ ಕಣೇ ಅದಕ್ಕೆ" ಎಂದು ಮೊದಮೊದಲು ನಕ್ಕಳು. "ಥೇಟ್ ನಿಮ್ಮ ಭಾವನ ಹಾಗೆ, ಎಲ್ಲಾದಕ್ಕೂ ಉಲ್ಟಾ."

ಒಂದು ದಿನ ಆ ಕೈ ಅವಳ ಕುತ್ತಿಗೆಗೇ ಹೋಯಿತು. ಆಮೇಲೆ ನಗಲಿಲ್ಲ.

"ಮೆದುಳಲ್ಲಿ ಎರಡು ಭಾಗ ಇದೆಯಮ್ಮಾ. ನಡುವೆ ಇರೋ ಸೇತುವೆ ಹಾಳಾಗಿದೆ. ಇದರ ಸುದ್ದಿ ಅದಕ್ಕೆ ಮುಟ್ಟಲ್ಲ" ಎಂದರು ಡಾಕ್ಟರು.

"ಹಾಗಾದ್ರೆ ನಾನು ಯಾವ ಕಡೆ ಇದೀನಿ ಸ್ವಾಮಿ?"

"ಈಗ ಮಾತಾಡ್ತಿರೋದು ಎಡಭಾಗ. ಅದು ನಡೆಸೋದು ಬಲಗೈನ. ಎಡಗೈ ಬಲಭಾಗದ್ದು."

"ಸುಮ್ಮನಿರೋದು ಯಾರು?"

ಡಾಕ್ಟರು ಕನ್ನಡಕ ತೆಗೆದರು. "ಅದೂ ನೀವೇ ಅನ್ನೋರಿದಾರೆ. ಇಬ್ಬರಾಗಿಬಿಡ್ತಾರೆ ಅನ್ನೋರೂ ಇದಾರೆ. ನನಗೆ ಗೊತ್ತಿಲ್ಲ."

ಅಷ್ಟರಲ್ಲಿ ಅಕ್ಕನ ಮಗಳು ಹಸುಗೂಸನ್ನು ತೋರಿಸಲು ಬರುವವಳಿದ್ದಳು. ಒಂದೇ ಒಂದು ಸಲ ಮೊಮ್ಮಗಳನ್ನು ಎತ್ತಿಕೊಳ್ಳಬೇಕು ಎಂಬುದು ಅಕ್ಕನ ಆಸೆ. "ಈ ಪೀಡೆಯನ್ನ ಕಟ್ಟಿಹಾಕೇ" ಎಂದಳು.

ಬಟ್ಟೆಯ ಪಟ್ಟಿಯಿಂದ ಎಡಗೈಯನ್ನು ಕುರ್ಚಿಯ ತೋಳಿಗೆ ಕಟ್ಟಿದೆ. ಹೊಲಿದ ಅಂಗಿಗಳನ್ನು ನಾವು ಕಟ್ಟುವುದು ಒಂದೇ ತರಹ: ತುದಿ ಎಳೆದರೆ ಗಂಟು ತಾನಾಗಿ ಬಿಚ್ಚಿಕೊಳ್ಳಬೇಕು. ರೂಢಿಯ ಮೇಲೆ ಅದೇ ಗಂಟು ಹಾಕಿಬಿಟ್ಟೆ. ಆ ಕೈಗೂ ಅದು ಗೊತ್ತಿರುತ್ತದೆಂದು ಹೊಳೆಯಲಿಲ್ಲ.

ಮಗಳು ಕೂಸನ್ನು ಅಕ್ಕನ ಬಲತೋಳಿನಲ್ಲಿ ಮಲಗಿಸಿದಳು. ಒಂದೇ ತೋಳಿಗೆ ಹಿಡಿತ ಸಾಲಲಿಲ್ಲ. ಕೂಸಿನ ಕತ್ತು ಒಂದು ಕಡೆ ವಾಲಿತು, ಅಳು ಶುರುವಾಯಿತು. ಎಡಗೈಯ ಬೆರಳುಗಳು ಪಟ್ಟಿಯ ತುದಿಯನ್ನು ಹುಡುಕಿ ಎಳೆದವು.

"ಚಿಕ್ಕಮ್ಮಾ, ಕೈ! ಕೈ!" ಎಂದು ಮಗಳು ಕೂಗಿದಳು.

ಕೈ ನೇರವಾಗಿ ಕೂಸಿನ ಕತ್ತಿಗೆ ಹೋಯಿತು. ಕೆಳಗೆ ಸೇರಿ ಕತ್ತನ್ನು ಎತ್ತಿ ಹಿಡಿಯಿತು. ಬೆರಳುಗಳು ಮೆಲ್ಲಗೆ ತಟ್ಟತೊಡಗಿದವು. ಕೂಸು ಅಳು ನಿಲ್ಲಿಸಿತು.

ಅಕ್ಕನ ಮುಖ ಬಿಳಿಚಿಕೊಂಡಿತ್ತು. "ತಗೊಳ್ರೇ, ಬೇಗ ತಗೊಳ್ರೇ! ತಟ್ತಾ ಇರೋದು ನಾನಲ್ಲ!"

ಮಗಳು ಕೂಸನ್ನು ಕಿತ್ತುಕೊಂಡಳು. ಕೈ ಕೂಸಿನ ಹೊದಿಕೆಯನ್ನು ಬಿಡಲಿಲ್ಲ. ಹೊದಿಕೆಯನ್ನು ಅಲ್ಲೇ ಬಿಟ್ಟು ಅವಳು ಹೊರಗೆ ಓಡಿದಳು.

"ಬಿಗಿಯಾಗಿ ಕಟ್ಟು" ಎಂದಳು ಅಕ್ಕ. ಈ ಸಲ ಬಿಚ್ಚಲು ಬಾರದಂತೆ ಕಟ್ಟಿದೆ. ಅಕ್ಕ ಆ ಕಡೆ ನೋಡದೆ ಗೋಡೆಗೆ ಮುಖ ತಿರುಗಿಸಿ ಕೂತಳು. ಬೆರಳುಗಳು ಖಾಲಿ ಹೊದಿಕೆಯನ್ನು ತಟ್ಟುತ್ತಲೇ ಇದ್ದವು.